ಅತ್ತೆ ಪಾಸು ಮಾಡಿದ ಚೀಲ

ಸೊಸೆ ಕೊಂಡು ತಂದ ಮೂರನೆಯ ಚೀಲವೂ ಒಂಬತ್ತನೆಯ ದಿನಕ್ಕೆ ಮಂಚದಡಿ ಸೇರಿತು.

ಮೊದಲನೆಯದು ಗಟ್ಟಿ ಡಬ್ಬಿಯಂಥದ್ದು. ನಡೆದಾಗಲೆಲ್ಲ ಅದರ ಮೂಲೆ ಸೊಂಟಕ್ಕೆ ತಿವಿಯುತ್ತಿತ್ತು. ಎರಡನೆಯದರಲ್ಲಿ ಜೇಬುಗಳು ಎಷ್ಟಿದ್ದವೆಂದರೆ ಮನೆ ಬೀಗದ ಕೈ ಯಾವುದರಲ್ಲಿದೆಯೆಂದು ಹುಡುಕಲು ಬಾಗಿಲ ಮುಂದೆ ನಿಂತು ಚೀಲವನ್ನೇ ತಲೆಕೆಳಗು ಮಾಡಬೇಕಾಗುತ್ತಿತ್ತು. ಮೂರನೆಯದು ನೋಡಲು ಚೆನ್ನಾಗಿತ್ತು, ಹಗುರವಾಗಿತ್ತು. ಆದರೆ ಅದರ ಮುಚ್ಚಳಕ್ಕೆ ಅಂಟುಪಟ್ಟಿ ಹಾಕಿದ್ದರು. ತೆರೆದರೆ ಬಟ್ಟೆ ಹರಿದಂತೆ ‘ಚರ್ರ್’ ಎನ್ನುತ್ತಿತ್ತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಎದುರು ಸೀಟಿನ ಅಜ್ಜ ಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡು ಮಲಗಿದ್ದ. ಕಿಟಕಿಯ ಬಿಸಿಲು ಪತ್ರಿಕೆಯ ಮೇಲೆ ಬಿದ್ದು, ಕೆಳಗಿನಿಂದ ಅವನ ಗಡ್ಡ ಮಾತ್ರ ಕಾಣುತ್ತಿತ್ತು. ಸೊಸೆ ಚೀಲಕ್ಕೆ ಕೈ ಹಾಕಿದ್ದೇ ತಡ, ‘ಚರ್ರ್’! ಅಜ್ಜ ದಿಗ್ಗನೆ ಎದ್ದು ಕೂತ. ಪತ್ರಿಕೆ ಕೆಳಗೆ ಬಿತ್ತು. ಇಡೀ ಬಸ್ಸು ಇವಳತ್ತ ನೋಡಿತು.

"ಅಲ್ಲ, ಮಂಚದ ಕೆಳಗೆ ಚೀಲಗಳು ಸಂಸಾರ ಹೂಡಿವೆಯೇನೇ?" ಎಂದ ಗಂಡ, ಅಂದು ಸಂಜೆ ಕಸ ಗುಡಿಸಲು ಬಗ್ಗಿದವನು. "ಇನ್ನೆರಡು ತಿಂಗಳು ಬಿಟ್ಟರೆ ಮರಿ ಹಾಕ್ತವೆ."

"ನಗು ನಗು. ಎರಡು ಪುಟ್ಟ ಕ್ಯಾಮೆರಾ ಹಾಕ್ಕೊಂಡು ದಿನಾ ಓಡಾಡೋಕೆ ಒಂದು ಚೀಲ ಬೇಕು ಅಂದ್ರೆ ಇಷ್ಟು ಕಷ್ಟ ಇರುತ್ತೆ ಅಂತ ನಂಗೇನು ಗೊತ್ತಿತ್ತು?"

ಅವಳ ಕೆಲಸ ಸೇತುವೆಗಳ ತಪಾಸಣೆ. ಇಲಾಖೆಯ ಸಣ್ಣದೊಂದು ತಂಡದಲ್ಲಿ ಹನ್ನೆರಡು ವರ್ಷದಿಂದ ಇದ್ದಳು. ಸುತ್ತಿಗೆಯಿಂದ ಕಾಂಕ್ರೀಟನ್ನು ಮೆಲ್ಲಗೆ ತಟ್ಟಿ ಕಿವಿಗೊಡುವುದು, ಠಣ್ ಎಂದರೆ ಮುಂದಕ್ಕೆ ಹೋಗುವುದು, ಡಬ್ ಎಂದರೆ ಒಳಗೆ ಪೊಳ್ಳಾಗಿದೆಯೆಂದು ಬಳಪದಲ್ಲಿ ಗುರುತು ಹಾಕುವುದು, ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯುವುದು. ಅದಕ್ಕೆ ಕಚೇರಿಯದೇ ದೊಡ್ಡ ಕ್ಯಾಮೆರಾ ಇತ್ತು. ಸುತ್ತಿಗೆ, ಟಾರ್ಚು, ಹಗ್ಗ, ಹೆಲ್ಮೆಟ್ಟುಗಳ ಜೊತೆ ಅದು ಬೆನ್ನುಚೀಲದಲ್ಲಿ ಹೋಗಿ ಕಚೇರಿಯ ಕಪಾಟಿನಲ್ಲೇ ಮಲಗುತ್ತಿತ್ತು. ಇಡೀ ದಿನ ಬಿರುಕಿನ ಫೋಟೋ ತೆಗೆದವಳಿಗೆ, ಕೆಲಸ ಮುಗಿದ ಮೇಲೆ ಬಿರುಕಿಲ್ಲದ್ದು ಏನಾದರೂ ತೆಗೆಯಬೇಕೆನಿಸುತ್ತಿತ್ತು. ಅದಕ್ಕೆಂದೇ ಅವಳ ಸ್ವಂತದ ಎರಡು ಕ್ಯಾಮೆರಾ: ಒಂದು ಅಂಗೈಯಗಲದ ಡಿಜಿಟಲ್, ಇನ್ನೊಂದು ಅದಕ್ಕಿಂತ ತುಸು ದಪ್ಪನೆಯ, ರೀಲು ಹಾಕುವ ಹಳೆಯದು, ಕಪ್ಪು ಬಿಳುಪಿಗೆ. ಆದರೆ ಚೀಲ ಸರಿಯಿಲ್ಲವೆಂದು ಎರಡೂ ಮನೆಯ ಅಲಮಾರಿಯಲ್ಲೇ ಉಳಿಯುತ್ತಿದ್ದವು. ಮೂವತ್ತಾರು ಫೋಟೋಗಳ ಒಂದು ರೀಲು ಮುಗಿಯಲು ನಾಲ್ಕು ತಿಂಗಳು ಹಿಡಿಯುತ್ತಿತ್ತು.

ಗಂಡ ಹೆಂಡಿರ ಮಾತು ಕೇಳುತ್ತ ಅತ್ತೆ ಬಾಗಿಲ ಬಳಿ ನಿಂತಿದ್ದಳು. ಬಗ್ಗಿ ಮೂರನೆಯ ಚೀಲವನ್ನು ಎಳೆದುಕೊಂಡಳು. ಹೊಲಿಗೆ ನೋಡಿದಳು, ಪಟ್ಟಿಯನ್ನು ಕೈಗೆ ಸುತ್ತಿ ಜಗ್ಗಿದಳು. ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಏನನ್ನೋ ಹುಡುಕುವವಳಂತೆ ಬೆರಳಾಡಿಸಿದಳು.

"ಇದನ್ನ ಮಾಡಿದವನು ಒಂದು ದಿನಾನೂ ಚೀಲ ಹಾಕ್ಕೊಂಡು ನಿಂತು ಕೆಲಸ ಮಾಡಿಲ್ಲ," ಎಂದಳು. "ಶನಿವಾರ ಅಂಗಡಿಗೆ ಹೋಗ್ತೀಯಲ್ಲ, ನಾನೂ ಬರ್ತೀನಿ."

ಅತ್ತೆ ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾಗಿ ಹದಿನಾಲ್ಕು ತಿಂಗಳಾಗಿತ್ತು. ಮೊದಲ ಎರಡು ತಿಂಗಳು ನಿದ್ದೆ ಮಾಡಿದಳು, ಮೂರನೆಯ ತಿಂಗಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸಾಲು ಬದಲಾಯಿಸಿ ಇಟ್ಟಳು, ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಈಗೀಗ ಬೆಳಿಗ್ಗೆ ಬಾಲ್ಕನಿಯಲ್ಲಿ ಟೀ ಲೋಟ ಹಿಡಿದು, ಕೆಳಗಿನ ರಸ್ತೆಯಲ್ಲಿ ಹೋಗುವ ಬಸ್ಸುಗಳಿಗೆ ಅಂಕ ಕೊಡುತ್ತ ಕೂರುತ್ತಿದ್ದಳು. "ನೋಡು, ನಾಲ್ಕು ನಿಮಿಷ ತಡ. ನೋಡು, ಜನ ಕಾಲಿಡೋ ಮುಂಚೆ ಸೀಟಿ ಊದಿಬಿಟ್ಟ." ಎಲ್ಲಿಗೋ ಹೊರಡುವ ಮಾತು ಬಂದರೆ ಸಾಕು, ಎಲ್ಲರಿಗಿಂತ ಮೊದಲು ಅವಳ ಚಪ್ಪಲಿ ಕಾಲಿಗೇರುತ್ತಿತ್ತು.

ಸೊಸೆಗೆ ಒಳಗೊಳಗೇ ಅಳುಕು. ಅತ್ತೆ ಅಂಗಡಿಗೆ ಬಂದರೆಂದರೆ ಅಂಗಡಿಯವರೂ ಪ್ರಯಾಣಿಕರಾಗಿಬಿಡುತ್ತಾರೆ. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ.

ಶನಿವಾರ ಹನ್ನೊಂದಕ್ಕೆ ಇಬ್ಬರೂ ಅಂಗಡಿ ಮುಟ್ಟಿದರು. ಕೆಳಗೆ ಬೂಟಿನ ಅಂಗಡಿ, ಮೇಲೆ ಕ್ಯಾಮೆರಾ ಸಾಮಾನಿನದು. ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಒಳಗೆ ಉದ್ದನೆಯ ಗಾಜಿನ ಕಪಾಟು, ಅದರ ಹಿಂದೆ ಮಾಲೀಕ, ಇಡೀ ಒಂದು ಗೋಡೆಗೆ ನೇತು ಹಾಕಿದ ಚೀಲಗಳು. ಮಾಲೀಕ ತೆಳ್ಳಗಿನವನು, ಏನನ್ನೋ ಹುಡುಕುತ್ತ ಕಾಗದಗಳನ್ನು ಎತ್ತಿ ಎತ್ತಿ ನೋಡುತ್ತಿದ್ದ.

"ಕನ್ನಡಕವಾ? ತಲೆ ಮೇಲಿದೆ," ಎಂದಳು ಅತ್ತೆ.

ಅವನು ತಲೆ ಮುಟ್ಟಿಕೊಂಡು ನಕ್ಕ. ಅಲ್ಲಿಂದಾಚೆಗೆ ಅವನು ಅತ್ತೆಯ ಕಡೆಯವನೇ ಆದ.

ಸೊಸೆ ತನ್ನೆರಡು ಕ್ಯಾಮೆರಾಗಳನ್ನು ಕರವಸ್ತ್ರ ಬಿಚ್ಚಿ ಗಾಜಿನ ಮೇಲಿಟ್ಟಳು. "ಇವೆರಡು ಹಿಡೀಬೇಕು. ಜೊತೆಗೆ ಒಂದು ರೀಲು, ಬೀಗದ ಕೈ, ಪರ್ಸು. ಅಷ್ಟೇ. ದಿನಾ ಹಾಕ್ಕೊಳ್ಳೋದಕ್ಕೆ. ಕ್ಯಾಮೆರಾ ಚೀಲ ಅಂತ ದೂರದಿಂದ್ಲೇ ಗೊತ್ತಾಗಬಾರದು."

ಕನ್ನಡಕದವನಿಗೆ ತನ್ನ ಮಾಲಿನ ಬಗ್ಗೆ ಅಭಿಮಾನ. ಒಂದೊಂದನ್ನೇ ಇಳಿಸಿ, ಇದಕ್ಕೆ ನೀರು ತಾಗುವುದಿಲ್ಲ, ಇದರ ಸ್ಪಂಜು ಇಷ್ಟು ದಪ್ಪ, ಇದಕ್ಕೆ ಹದಿಮೂರು ಖಾನೆ ಎಂದು ವಿವರಿಸತೊಡಗಿದ. ಅತ್ತೆ ಕೈ ಎತ್ತಿ ತಡೆದಳು.

"ಸ್ವಾಮಿ, ಒಂದು ನಿಮಿಷ. ಹೇಳೋದೆಲ್ಲ ಆಮೇಲೆ. ಏಯ್, ಅದನ್ನ ಹಾಕ್ಕೊ. ಎರಡೂ ಒಳಗಿಡು. ಈಗ ಕಣ್ಣು ಮುಚ್ಚು. ಚಿಕ್ಕದನ್ನ ತೆಗಿ."

"ಅತ್ತೆ, ಇಲ್ಲೇನಾ?"

"ಮತ್ತೆಲ್ಲಿ, ಮನೆಗೆ ಹೋಗಿ ನಾಲ್ಕನೇದನ್ನೂ ಮಂಚದಡಿ ತಳ್ಳೋದಾ? ಮುಚ್ಚು ಕಣ್ಣು."

ಸೊಸೆ ಕಣ್ಣು ಮುಚ್ಚಿದಳು. ಕೈ ಮುಚ್ಚಳಕ್ಕೆ ತಗುಲಿತು, ಮುಚ್ಚಳ ಮಣಿಕಟ್ಟಿನ ಮೇಲೆ ಬಿತ್ತು, ಅದನ್ನು ಮೊಣಕೈಯಿಂದ ಸರಿಸುವಷ್ಟರಲ್ಲಿ ಬೆರಳಿಗೆ ದಪ್ಪನೆಯ ಕ್ಯಾಮೆರಾ ಸಿಕ್ಕಿತು.

"ಫೇಲು," ಎಂದಳು ಅತ್ತೆ. "ಮುಂದಿನದು."

ಎರಡನೆಯದರ ಒಳಬಟ್ಟೆ ಕಪ್ಪು. "ಕರೀ ಕ್ಯಾಮೆರಾ, ಕರೀ ಚೀಲ. ಬಾವಿಗೆ ಬಿದ್ದ ಕೊಡ ಹುಡುಕಿದ ಹಾಗಾಗುತ್ತೆ. ಇಳಿಸಿ." ಮೂರನೆಯದನ್ನು ಹಾಕಿಸಿ ಅತ್ತೆ ಸೊಸೆಯನ್ನು ಗೋಡೆಯ ಉದ್ದಕ್ಕೆ ನಡೆಸಿದಳು, ಅವಳು ಅರ್ಧ ದಾರಿಯಲ್ಲಿದ್ದಾಗ "ಬ್ರೇಕ್!" ಎಂದು ಕೂಗಿದಳು. ಸೊಸೆ ಗಕ್ಕನೆ ನಿಂತಳು. ಚೀಲ ನಿಲ್ಲಲಿಲ್ಲ, ತೂಗಿ ಹೋಗಿ, ಪಕ್ಕದಲ್ಲಿ ನಿಂತು ಟ್ರೈಪಾಡ್ ನೋಡುತ್ತಿದ್ದ ದಪ್ಪ ಮೀಸೆಯ ಗಿರಾಕಿಯೊಬ್ಬರ ಹೊಟ್ಟೆಗೆ ಬಡಿಯಿತು.

"ಅಯ್ಯೋ, ಕ್ಷಮಿಸಿ," ಸೊಸೆಯ ಮುಖ ಕೆಂಪಾಯಿತು.

"ಪರವಾಗಿಲ್ಲ, ಪರವಾಗಿಲ್ಲ," ಎಂದರು ಮೀಸೆಯವರು. "ನಿಲ್ಲಿಸಬೇಡಿ. ನಾನೂ ಚೀಲಕ್ಕೇ ಬಂದಿದ್ದು. ನೋಡ್ತಾ ಇದ್ದೀನಿ."

ಅತ್ತೆಗೆ ಇನ್ನೇನು ಬೇಕು! ದನಿ ಒಂದು ಮೆಟ್ಟಿಲು ಏರಿತು. ಚೀಲ ಎಂದರೆ ಏನು ಎಂದು ಇಬ್ಬರು ಗಂಡಸರಿಗೂ ಪಾಠವಾಯಿತು. ಜನ ತುಂಬಿದ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಚೀಲಕ್ಕೆ, ಕಣ್ಣು ಬಾಗಿಲ ಮೇಲೆ. ಚೀಲದೊಳಗೆ ಇಣುಕಲು ಯಾರಿಗೆ ಪುರುಸೊತ್ತು? ಕೈಯೇ ನೋಡಬೇಕು. ಮುಚ್ಚಳ ತನ್ನ ಕಡೆಯಿಂದ ತೆರೆದು ಆಚೆಗೆ ಬೀಳಬೇಕು, ಬಾಯಿ ಹೊಟ್ಟೆಯ ಕಡೆಗಿರಬೇಕು. ಆಗ ಕೈಗೂ ಅಡ್ಡಿಯಿಲ್ಲ, ಕಳ್ಳನಿಗೂ ದಾರಿಯಿಲ್ಲ. "ಇವೆಲ್ಲ ನೋಡಿ, ಮೈ ಕಡೆಗೆ ಮುಚ್ಚಳ ಹೊಲಿದಿದ್ದಾರೆ. ಅಂಗಡೀಲಿ ನೇತು ಹಾಕಿದಾಗ ಚೆಂದ ಕಾಣ್ಲಿ ಅಂತ."

ಹೀಗೆ ಏಳು ಚೀಲಗಳು ಗೋಡೆಯಿಂದ ಇಳಿದು ಕಪಾಟಿನ ಮೇಲೆ ರಾಶಿಯಾದವು. ಏಳೂ ಫೇಲು. ಸೊಸೆಗೆ ನಗು ಬರುತ್ತಿತ್ತು, ಸುಸ್ತೂ ಆಗಿತ್ತು. ಕನ್ನಡಕದವನು ಮಾತ್ರ ಸೋಲೊಪ್ಪುವವನಲ್ಲ. ಏಣಿ ತರಲು ಹೊರಟ. ಅಷ್ಟರಲ್ಲಿ ಅತ್ತೆಯ ಕಣ್ಣು ಕಪಾಟಿನ ಹಿಂದೆ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಹೋಯಿತು. ಅಲ್ಲೊಂದು ಮಾಸಿದ ಬೂದು ಬಣ್ಣದ ಬಟ್ಟೆಚೀಲ ನೇತಾಡುತ್ತಿತ್ತು. ಮೂಲೆಗಳು ಸವೆದು ನುಣ್ಣಗಾಗಿದ್ದವು.

"ಅದು ಯಾರದು?"

"ಅದಾ? ಅದು ನಂದಮ್ಮ. ಮಾರೋದಲ್ಲ."

"ಎಷ್ಟು ವರ್ಷದಿಂದ ಹಾಕ್ಕೊಳ್ತಿದ್ದೀರಿ?"

"ಆರು… ಅಲ್ಲ, ಏಳಾಯ್ತು."

"ನಿಮ್ಮ ಗೋಡೆ ತುಂಬ ಇಷ್ಟೊಂದು ಹೊಸ ಚೀಲ ಇಟ್ಕೊಂಡು ನೀವು ಯಾಕೆ ಅದನ್ನೇ ಹಾಕ್ಕೊಳ್ತೀರಿ, ಹೇಳಿ ನೋಡೋಣ?"

ಮೀಸೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಚೆನ್ನಾಗಿದೆಯಮ್ಮ, ಅದಕ್ಕೇ," ಎಂದ ಕನ್ನಡಕದವನು, ತಪ್ಪೊಪ್ಪಿಕೊಳ್ಳುವವನ ಹಾಗೆ. "ಆದ್ರೆ ಜನಕ್ಕೆ ಹಿಡಿಸ್ಲಿಲ್ಲ. ನೋಡೋಕೆ ಏನೂ ಇಲ್ವಲ್ಲ. ಹತ್ತು ತರಿಸಿದ್ದೆ, ಇಡೀ ವರ್ಷ ಕೂತವು. ಒಂದೋ ಎರಡೋ ಒಳಗೆ ಉಳಿದಿರಬೇಕು."

ಅವನು ಒಳಗಿನ ಕೋಣೆಗೆ ಹೋಗಿ, ರಟ್ಟಿನ ಪೆಟ್ಟಿಗೆಗಳನ್ನು ಎಳೆದಾಡಿ, ಧೂಳು ಕೊಡವುತ್ತ, "ಇನ್ನೊಂದೂ ಒಳಗಿದೆ," ಎನ್ನುತ್ತ ಹೊರಬಂದ. ಕೈಯಲ್ಲಿ ಅದೇ ಥರದ ಹೊಸ ಚೀಲ: ಬೂದು ಬಣ್ಣದ ದಪ್ಪ ಬಟ್ಟೆ, ತಟ್ಟೆಯಗಲದ ಮೈ, ಒಳಗೆ ತಿಳಿ ಹಳದಿ ಬಟ್ಟೆ. ಮುಚ್ಚಳ ಹೊರಗಡೆಯಿಂದ ಹೊಲಿದದ್ದು. ತನ್ನ ಕಡೆಗೆ ಒಂದು ಲೋಹದ ಗುಂಡಿ, ಹೆಬ್ಬೆರಳಲ್ಲಿ ಸರಿಸಿದರೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತಿತ್ತು. ಪಟ್ಟಿ ನಾಲ್ಕು ಬೆರಳು ಅಗಲ, ಬೇಕಾದಷ್ಟು ಉದ್ದ.

ಅತ್ತೆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸೊಸೆಯ ಕೈಗೆ ಕೊಟ್ಟಳು.

ಸೊಸೆ ಅದನ್ನು ಎಡಭುಜಕ್ಕೆ ಹಾಕಿದಳು, ಮರುಕ್ಷಣವೇ ಬಲಕ್ಕೆ ಬದಲಾಯಿಸಿದಳು. ಅತ್ತೆ ಅದನ್ನೇ ನೋಡುತ್ತಿದ್ದಳು. ಅಂಗಡಿಗೆ ಬಂದಾಗಿನಿಂದ ಪ್ರತಿ ಚೀಲದಲ್ಲೂ ಹೀಗೇ ಆಗಿತ್ತು. ಬಲಭುಜದ ಮೇಲೆ ಪಟ್ಟಿ, ಬಲಗಡೆಯೇ ಚೀಲ. ಅದರೊಳಗೆ ಬಲಗೈ ಹಾಕಬೇಕೆಂದರೆ ಮೊಣಕೈಯನ್ನು ಬೆನ್ನ ಹಿಂದಕ್ಕೆ ತಿರುಚಬೇಕು. ಹಾಗಾದರೆ ಯಾವ ಚೀಲ ತಾನೇ ಪಾಸಾದೀತು?

ಅತ್ತೆ ಹತ್ತಿರ ಬಂದಳು. ಬೇರೆಯವರ ಎದುರು ಏನೂ ಕೇಳಲಿಲ್ಲ. ಪಟ್ಟಿಯನ್ನು ಸಡಿಲಿಸಿ ಉದ್ದ ಮಾಡಿದಳು, ಸೊಸೆಯ ತಲೆಯ ಮೇಲಿಂದ ಹಾಯಿಸಿ ಬಲಭುಜದ ಮೇಲೆ ಕೂರಿಸಿದಳು, ಚೀಲವನ್ನು ಎದೆಯ ಅಡ್ಡಕ್ಕೆ ತಂದು ಎಡ ಸೊಂಟದ ಮೇಲೆ, ತುಸು ಮುಂದಕ್ಕೆ ಇಳಿಬಿಟ್ಟಳು. ಎಷ್ಟೋ ವರ್ಷ ದಿನಾ ಬೆಳಿಗ್ಗೆ ತನಗೆ ತಾನೇ ಮಾಡಿಕೊಂಡ ಕೆಲಸ; ಕೈಗಳು ಒಂದು ಕ್ಷಣವೂ ತಡವರಿಸಲಿಲ್ಲ.

"ಭಾರ ಬಲಕ್ಕೆ. ಚೀಲ ಎಡಕ್ಕೆ. ಎಡಭುಜ ಖಾಲಿ," ಎಂದಳು ಮೆಲ್ಲಗೆ. "ಈಗ ಕಣ್ಣು ಮುಚ್ಚು."

ಸೊಸೆ ಮುಚ್ಚಿದಳು. ಬಲಗೈ ಹೊಟ್ಟೆಯ ಮುಂದಿನಿಂದ ಸರಿದು ಹೋಯಿತು. ಗುಂಡಿ ಹೆಬ್ಬೆರಳಿಗೆ ತಾನಾಗಿ ಸಿಕ್ಕಿತು, ಮುಚ್ಚಳ ಆಚೆಗೆ ಬಿತ್ತು, ಚಿಕ್ಕ ಕ್ಯಾಮೆರಾ ಅಂಗೈಯೊಳಗೆ ಬಂದು ಕೂತಿತು. ಕಣ್ಣು ತೆರೆದಾಗ ಅವಳ ತೋರುಬೆರಳು ಆಗಲೇ ಕ್ಯಾಮೆರಾದ ಗುಂಡಿಯ ಮೇಲಿತ್ತು.

"ನಡಿ. ಬ್ರೇಕ್!"

ಚೀಲ ಮೈಗೆ ಅಂಟಿಕೊಂಡೇ ನಿಂತಿತು.

"ಪಾಸು," ಎಂದಳು ಅತ್ತೆ.

ಮೀಸೆಯವರು ಚಪ್ಪಾಳೆ ತಟ್ಟಿದರು. ಒಳಗೆ ಇನ್ನೊಂದಿದೆಯಲ್ಲ, ಅದು ತಮ್ಮ ಹೆಂಡತಿಗೆ ಎಂದರು. ಅತ್ತೆ ಅವರನ್ನೂ ಬಿಡಲಿಲ್ಲ. "ಅವರು ಎಡಗೈಯವರಾ, ಬಲಗೈಯವರಾ? ಎತ್ತರ ಎಷ್ಟು? ಗೊತ್ತಿಲ್ವಾ? ಮದ್ವೆಯಾಗಿ ಎಷ್ಟು ವರ್ಷ ಆಯ್ತು? ಹೋಗಿ, ಅವರನ್ನೇ ಕರ್ಕೊಂಡು ಬನ್ನಿ." ಮೀಸೆಯವರು ತಲೆಯಾಡಿಸಿ, ಚೀಲವನ್ನು ಸೋಮವಾರದವರೆಗೆ ತೆಗೆದಿಡಲು ಹೇಳಿ ಹೋದರು. ಕನ್ನಡಕದವನು ಎರಡು ಕ್ಯಾಮೆರಾಗಳ ನಡುವೆ ನಿಲ್ಲಿಸಲು ಒಂದು ಸ್ಪಂಜಿನ ಅಡ್ಡಗೋಡೆಯನ್ನು ಕತ್ತರಿಸಿ ಕೊಟ್ಟ. ಅದು ಗಟ್ಟಿಯಾಗಿ ನಿಲ್ಲುತ್ತದೋ ಇಲ್ಲವೋ ಎಂದು ಅತ್ತೆ ಚೀಲವನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ ನೋಡಿದಳು.

ಕೆಳಗಿಳಿದು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತ ಮೇಲೆಯೇ ಅತ್ತೆ ಬಾಯಿ ಬಿಟ್ಟದ್ದು.

"ಎಡಭುಜ ಯಾವಾಗಿನಿಂದ ನೋಯ್ತಿದೆ?"

"ಯಾವ ಭುಜ? ಇಲ್ವಲ್ಲ."

"ನೋಡು, ಬಸ್ಸಿನಲ್ಲಿ ಯಾರು ಮುಂದಿನ ಸ್ಟಾಪಿಗೆ ಇಳೀತಾರೆ ಅಂತ ಚೀಲ ಹಿಡಿಯೋದ್ರಲ್ಲೇ ಹೇಳ್ತಿದ್ದವಳು ನಾನು. ನೀನು ಮೂರು ಚೀಲ ತಂದೆ, ಮೂರಕ್ಕೂ ಒಂದೊಂದು ತಪ್ಪು ಹುಡುಕಿದೆ. ಆ ಅಂಟುಪಟ್ಟಿದು ಬಿಡು, ಅದು ನಿಜವಾಗ್ಲೂ ದರಿದ್ರದ್ದು. ಉಳಿದೆರಡಕ್ಕೆ ಅಂಥ ದೋಷ ಏನಿರಲಿಲ್ಲ. ನೀನು ಹಾಕ್ಕೊಳ್ಳೋ ಕಡೆ ತಪ್ಪಾಗಿತ್ತು. ಹೇಳು."

ಸೊಸೆ ರಸ್ತೆ ನೋಡುತ್ತ ಹೇಳಿದಳು. ಎರಡು ವರ್ಷದ ಹಿಂದೆ ಸೇತುವೆಯೊಂದರ ಕೆಳಗೆ, ಹಸಿ ಮಣ್ಣಿನ ಇಳಿಜಾರಿನಲ್ಲಿ ಜಾರಿದ್ದಳು. ಬೀಳದಿರಲು ಎಡಗೈಯಲ್ಲಿ ಕಬ್ಬಿಣದ ಕಂಬಿ ಹಿಡಿದು ಜೋತುಬಿದ್ದಿದ್ದಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹತ್ತು ದಿನ ರಜೆ ಹಾಕಿದ್ದಳು, ಮುಲಾಮು ಹಚ್ಚಿದ್ದರು, ವಾಸಿಯಾಯಿತು ಎಂದಿದ್ದಳು. ಪೂರ್ತಿ ವಾಸಿಯಾಗಿರಲಿಲ್ಲ. ಭಾರ ಬಿದ್ದರೆ ಒಳಗೆ ಚುಳುಕ್ ಎನ್ನುತ್ತಿತ್ತು. ಬೆನ್ನುಚೀಲವನ್ನೂ ಅವಳು ಒಂದೇ ಭುಜಕ್ಕೆ ಹಾಕಿಕೊಳ್ಳುತ್ತಿದ್ದಳು.

"ಇವ್ರಿಗೆ ಹೇಳಿದ್ರೆ ಗಾಬರಿ ಆಗ್ತಾರೆ. ಡಾಕ್ಟರ್ ಹತ್ರ ಹೋದ್ರೆ ಚೀಟಿ ಬರ್ಕೊಡ್ತಾರೆ, ಕಚೇರೀಲಿ ನನ್ನ ಮೇಜಿಗೆ ಕಟ್ಟಿಹಾಕ್ತಾರೆ. ಬೇರೆಯವರು ಸೇತುವೆ ತಟ್ಟಿ ಬರೋದು, ನಾನು ಅವರು ತಂದ ಫೋಟೋ ಅಂಟಿಸ್ತಾ ಕೂರೋದು. ನಂಗೆ ಅದು ಆಗಲ್ಲ ಅತ್ತೆ."

ಬೈಗುಳ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅತ್ತೆ ತನ್ನ ಮಂಡಿಗಳ ಮೇಲೆ ಎರಡೂ ಅಂಗೈ ಊರಿ ಕೂತಿದ್ದಳು.

"ನನ್ನ ಮಂಡಿ ನಿವೃತ್ತಿ ಆದ್ಮೇಲೆ ಹಾಳಾಯ್ತು ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ," ಎಂದಳು. "ಸುಳ್ಳು. ಅದಕ್ಕೂ ನಾಲ್ಕು ವರ್ಷ ಮುಂಚೆನೇ ಹೋಗಿತ್ತು. ಹೇಳಿದ್ರೆ ಡಿಪೋದಲ್ಲಿ ಕಿಟಕಿ ಹಿಂದೆ ಕೂರಿಸ್ತಿದ್ರು. ನಾಲ್ಕು ವರ್ಷ ಹಲ್ಲು ಕಚ್ಚಿ ನಿಂತೆ. ಆಗಲೇ ತೋರಿಸಿದ್ರೆ ಇಷ್ಟು ಆಗ್ತಿರಲಿಲ್ಲ ಅಂತ ಡಾಕ್ಟರ್ ಈಗ ಹೇಳ್ತಾರೆ. ಅದಕ್ಕೇ ಮೆಟ್ಟಿಲು ಕಂಡ್ರೆ ನಂಗೆ ಸಿಟ್ಟು."

"ನಮಗೆ ಯಾಕೆ ಹೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?"

ಇಬ್ಬರಿಗೂ ನಗು ಬಂತು. ನಗುವಿನ ನಡುವೆ ಸೊಸೆಯ ಕಣ್ಣು ತುಂಬಿಬಂತು. ಅವಳು ಅದನ್ನು ಹೊಸ ಚೀಲದ ಪಟ್ಟಿಯಿಂದಲೇ ಒರೆಸಿಕೊಂಡಳು.

"ಸೋಮವಾರ ಸಂಜೆ," ಎಂದಳು ಅತ್ತೆ. "ನಾನು ಮಂಡಿಗೆ ವ್ಯಾಯಾಮ ಹೇಳಿಸ್ಕೊಳ್ಳೋಕೆ ಹೋಗ್ತೀನಲ್ಲ, ಆ ಫಿಸಿಯೋ ಹುಡುಗಿ ಒಳ್ಳೆಯವಳು. ಮೊದಲು ಅವಳಿಗೆ ತೋರಿಸೋಣ. ಚೀಟಿ ಗೀಟಿ ಆಮೇಲೆ ನೋಡ್ಕೊಂಡ್ರಾಯ್ತು. ಇವತ್ತು ರಾತ್ರಿ ಊಟದ ಹೊತ್ತಿಗೆ ಅವನಿಗೂ ಹೇಳು. ನಂದೂ ಹೇಳ್ತೀನಿ. ಇಬ್ಬರದೂ ಒಟ್ಟಿಗೆ ಹೇಳಿದ್ರೆ ಯಾರನ್ನ ಬೈಬೇಕು ಅಂತ ಅವನಿಗೇ ತಿಳಿಯಲ್ಲ."

ಬಸ್ಸು ಬಂತು. ಸೀಟು ಖಾಲಿಯಿದ್ದರೂ ಅತ್ತೆ ಸೊಸೆಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಎರಡು ನಿಲ್ದಾಣದವರೆಗೆ ಕಂಬಿ ಹಿಡಿದು ನಿಂತೇ ಇದ್ದಳು, ಚೀಲ ನಿಜವಾದ ಬ್ರೇಕಿಗೆ ಹೇಗಿರುತ್ತದೆ ನೋಡಬೇಕೆಂದು. ಆಮೇಲೆ ಮಂಡಿ ನೆನಪಾಯಿತೇನೋ, ಕೂತಳು.

ಊಟದ ಮೇಜಿನಲ್ಲಿ ಅತ್ತೆ ಹೇಳಿದಂತೆಯೇ ಆಯಿತು. ಗಂಡ ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ, ಚಮಚ ಕೆಳಗಿಟ್ಟ.

"ಒಂದೇ ಮನೇಲಿ ಇಬ್ಬರು ಸುಳ್ಳುಗಾತಿಯರನ್ನ ಇಟ್ಕೊಂಡಿದ್ದೀನಿ," ಎಂದ. ತಮಾಷೆಯ ಮಾತೇ, ಆದರೆ ದನಿಯಲ್ಲಿ ತುಸು ನೋವಿತ್ತು. ಎದ್ದು ಪಾತ್ರೆಗಳನ್ನೆಲ್ಲ ತಾನೇ ತೊಳೆದಿಟ್ಟ. ಕೈ ಒರೆಸಿಕೊಂಡು ಬಂದು ಹೆಂಡತಿಯ ಎಡಭುಜವನ್ನು ಮೃದುವಾಗಿ ಮುಟ್ಟಿ, "ಎಲ್ಲಿ? ಇಲ್ಲೇನಾ?" ಎಂದು ಕೇಳಿದ. "ಇನ್ನೂ ಸ್ವಲ್ಪ ಹಿಂದೆ," ಎಂದಳು ಅವಳು.

ಸೋಮವಾರ ಫಿಸಿಯೋ ಹುಡುಗಿ ಸೊಸೆಯ ಕೈಯನ್ನು ಮೇಲೆತ್ತಿಸಿ, ಹಿಂದಕ್ಕೆ ಒಯ್ದು, ಅಲ್ಲಲ್ಲಿ ಒತ್ತಿ ನೋಡಿದಳು. ಹರಿದಿರುವುದೇನೂ ಇದ್ದಂತಿಲ್ಲ, ಸ್ನಾಯು ಸೋತಿದೆ ಎಂದಳು. ಆರು ವಾರ ವ್ಯಾಯಾಮ ಮಾಡಿ ನೋಡೋಣ, ಅಲ್ಲಿಯವರೆಗೆ ಎಡಭುಜಕ್ಕೆ ಏನನ್ನೂ ನೇತುಹಾಕಬೇಡಿ, ಬೆನ್ನುಚೀಲವನ್ನು ಜೊತೆಯವರು ಹೊರಲಿ, ಕೆಲಸ ಬಿಡಬೇಕಾಗಿಲ್ಲ. ಕೆಲಸ ಬಿಡಬೇಕಾಗಿಲ್ಲ ಎಂಬ ಮಾತನ್ನು ಸೊಸೆ ಇನ್ನೊಮ್ಮೆ ಹೇಳಿಸಿಕೊಂಡಳು.

ಮನೆಯ ಬಾಗಿಲ ಹಿಡಿಕೆಗೆ ಈಗ ಒಂದು ಹಸಿರು ರಬ್ಬರು ಪಟ್ಟಿ ಬಂತು. ಬೆಳಿಗ್ಗೆ ಆರೂವರೆಗೆ ಸೊಸೆ ಅದನ್ನು ಹಿಡಿದು ಎಳೆಯುವಳು. ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತು ಅತ್ತೆ ಕಾಲು ನೀಡುವಳು, ಮಡಚುವಳು. ಯಾರಾದರೂ ಒಬ್ಬರು ಕಳ್ಳಾಟ ಆಡಿದರೆ ಇನ್ನೊಬ್ಬರು ಬಿಡುತ್ತಿರಲಿಲ್ಲ. "ಹದಿನೈದು ಅಂದ್ರೆ ಹದಿನೈದು. ಹದಿಮೂರಕ್ಕೆ ಸೀಟಿ ಊದಬೇಡ," ಎನ್ನುವಳು ಅತ್ತೆ. "ನೀವು ಕಾಲು ಪೂರ್ತಿ ಎತ್ತಲೇ ಇಲ್ಲ," ಎನ್ನುವಳು ಸೊಸೆ. ಗಂಡ ಹಲ್ಲುಜ್ಜುತ್ತ ಬಂದು ಇಬ್ಬರನ್ನೂ ನೋಡಿ, ಜಾಗ ಸಾಲದೆ, ಬ್ರಷ್ ಬಾಯಲ್ಲಿಟ್ಟುಕೊಂಡೇ ವಾಪಸು ಹೋಗುವನು.

ಚೀಲ ದಿನವೂ ಹೊರಗೆ ಹೋಗತೊಡಗಿತು. ಮೊದಲ ವಾರ ಸೊಸೆಗೆ ಅದು ಮೈಮೇಲಿದೆಯೆಂಬ ಅರಿವಿರುತ್ತಿತ್ತು, ಎರಡನೆಯ ವಾರ ಅದೂ ಇಲ್ಲ. ಕಚೇರಿಯ ಗೆಳತಿ ಒಂದು ದಿನ "ಅದರಲ್ಲಿ ಏನಿಟ್ಕೊಳ್ತೀಯ, ಊಟದ ಡಬ್ಬೀನಾ?" ಎಂದು ಕೇಳಿದಾಗ ಅವಳಿಗೆ ಬಹುಮಾನ ಬಂದಷ್ಟು ಖುಷಿಯಾಯಿತು. ಗೆಳತಿಗೆ ಉತ್ತರ ಕೊಡದೆ, ಹೆಬ್ಬೆರಳಲ್ಲಿ ಗುಂಡಿ ಸರಿಸಿ, ಅವಳ ಅಚ್ಚರಿಯ ಮುಖದ್ದೇ ಒಂದು ಫೋಟೋ ತೆಗೆದಳು.

ಹಾಗೆಂದು ಚೀಲ ಸರ್ವಗುಣ ಸಂಪನ್ನವೇನೂ ಆಗಿರಲಿಲ್ಲ. ಬೂದು ಬಣ್ಣಕ್ಕೆ ಬಳಪದ ಪುಡಿ ಬೇಗ ಮೆತ್ತುತ್ತಿತ್ತು, ನೀರಿನ ಬಾಟಲಿ ಹಿಡಿಯುತ್ತಿರಲಿಲ್ಲ. ಒಂದು ದಿನ ಜಡಿಮಳೆಗೆ ಸಿಕ್ಕಿದಾಗ ಅವಳು ಅದನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು, ಬಸುರಿಯಂತೆ ನಡೆದು ಮನೆಗೆ ಬಂದಳು. ಅತ್ತೆ ಬಾಗಿಲಲ್ಲೇ ಚೀಲ ಈಸಿಕೊಂಡು ಮೊದಲು ಅದನ್ನು ಒರೆಸಿದಳು, ಸೊಸೆಗೆ ಟವೆಲು ಸಿಕ್ಕಿದ್ದು ಆಮೇಲೆ.

ಹೊಸ ರೀಲು ಮೂರೇ ವಾರಕ್ಕೆ ಮುಗಿಯಿತು. ತೊಳೆಸಿ ಪ್ರಿಂಟು ಹಾಕಿಸಿ ತಂದ ದಿನ ಭಾನುವಾರ. ಟೀ ಕುಡಿಯುತ್ತ ಮೂವರೂ ಮೇಜಿನ ಮೇಲೆ ಅವನ್ನು ಹರಡಿಕೊಂಡು ಕೂತರು. ಮೂರು ಪೂರ್ತಿ ಕಪ್ಪಗಾಗಿದ್ದವು, ಒಂದರಲ್ಲಿ ಬರೀ ಬೆರಳು. ಉಳಿದವುಗಳಲ್ಲಿ ಗಾಜಿನ ಕಿಟಕಿ ಒರೆಸುತ್ತಿರುವ ಹೆಂಗಸು ಮತ್ತು ಒಳಗಿನಿಂದ ಅವಳಿಗೆ ಕೊಳೆ ಎಲ್ಲಿದೆಯೆಂದು ತೋರಿಸುತ್ತಿರುವ ಇನ್ನೊಬ್ಬಳು. ಸೇತುವೆಯ ಕಂಬದ ನೆರಳಿನಲ್ಲಿ ಹೆಲ್ಮೆಟ್ಟನ್ನೇ ದಿಂಬು ಮಾಡಿ ಮಲಗಿದ ತಂಡದ ಮೇಸ್ತ್ರಿ. ಗಡ್ಡ ಹೆರೆದುಕೊಳ್ಳುತ್ತ, ಮುಖದ ತುಂಬ ನೊರೆಯೊಡನೆ, ಬೇಡ ಬೇಡವೆಂದು ಕೈ ಮುಂದೆ ಚಾಚಿದ ಗಂಡ.

"ಇದನ್ನ ಯಾರಿಗೂ ತೋರಿಸ್ಬೇಡ," ಎಂದ ಗಂಡ, ಅದನ್ನೇ ಮತ್ತೆ ಮತ್ತೆ ನೋಡುತ್ತ.

ಅತ್ತೆ ಕನ್ನಡಕ ಏರಿಸಿಕೊಂಡು ಒಂದು ಫೋಟೋವನ್ನು ಬೆಳಕಿಗೆ ಹಿಡಿದಿದ್ದಳು. ಸಂಜೆಯ ರಸ್ತೆ, ತಿರುವಿನಲ್ಲಿ ಒಂದು ಬಸ್ಸು, ಅದರ ಕಿಟಕಿಗಳಲ್ಲೆಲ್ಲ ಬೆಳಕು, ಪ್ರತಿ ಕಿಟಕಿಯಲ್ಲಿ ಒಂದೊಂದು ಮುಖ. ಇಡೀ ರೀಲಿನಲ್ಲಿ ಸೊಸೆಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಅತ್ತೆ ಏನು ಹೇಳುತ್ತಾಳೋ ಎಂದು ಅವಳು ಲೋಟ ಕೈಯಲ್ಲೇ ಹಿಡಿದು ಕಾದಳು.

"ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿಲ್ಲ," ಎಂದಳು ಅತ್ತೆ. ಫೋಟೋವನ್ನು ಇನ್ನೂ ಹತ್ತಿರಕ್ಕೆ ತಂದುಕೊಂಡಳು. "ಡ್ರೈವರ್ ಯಾರು ಗೊತ್ತಾಯ್ತು. ಮೊಣಕೈ ನೋಡಿದ್ರೇ ಸಾಕು, ಹೀಗೆ ಕಿಟಕಿಯಿಂದ ಆಚೆ ಹಾಕೋನು ಅವನೊಬ್ಬನೇ. ಒಂದ್ಸಲ ಏನಾಯ್ತು ಗೊತ್ತಾ…"

ಗಂಡ ಎದ್ದು ಒಲೆಯ ಮೇಲೆ ಇನ್ನೊಂದು ಸುತ್ತು ಟೀ ಇಟ್ಟ. ಸೊಸೆ ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡಳು.